ಬರಬಹುದು ಎಂದು ಬರೆದ ಕಾರ್ಡು

ನಮ್ಮಪ್ಪ ಯಾವ ಮಾತನ್ನೂ ಗಟ್ಟಿಯಾಗಿ ಮುಗಿಸಿದವನಲ್ಲ. ಮಳೆ ಬಂದೀತು, ಎಮ್ಮೆ ಈದೀತು, ಗದ್ದೆ ಈ ಸಲ ನಲವತ್ತು ಚೀಲ ಕೊಟ್ಟೀತು. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ಬೀದಿಯವರೆಗೂ ಕೇಳುತ್ತಿರುವಾಗ ಯಾರಾದರೂ ಬಂದು ವಿಚಾರಿಸಿದರೆ, "ಹಿತ್ಲಲ್ಲಿ ಇದ್ದಾಳು, ನೋಡ್ರಿ" ಎನ್ನುವವನು. ಕಣ್ಣಿಗೆ ಕಂಡದ್ದನ್ನಷ್ಟೇ ಹೌದು ಎನ್ನಬೇಕು, ಉಳಿದದ್ದಕ್ಕೆಲ್ಲ ಸ್ವಲ್ಪ ಸಂದು ಬಿಟ್ಟಿರಬೇಕು ಎಂದು ಅವನ ನಂಬಿಕೆ. ಸೊರಬದ ಮಿಡ್ಲ್ ಸ್ಕೂಲಿನಲ್ಲಿ ನಮ್ಮ ಮೇಷ್ಟ್ರು 'ಬಂದಾನು, ತಿಂದಾನು' ಎಂಬ ರೂಪಗಳಿಗೆ ಸಂಭಾವನಾರ್ಥಕ ಎಂದು ಹೆಸರು ಹೇಳಿಕೊಟ್ಟ ದಿನ ನನಗೆ ನಗು ತಡೆಯಲಿಲ್ಲ. ಅಷ್ಟು ದೊಡ್ಡ ಹೆಸರಿನ ವ್ಯಾಕರಣವನ್ನು ನಮ್ಮಪ್ಪ ದಿನಾ ದನ ಕಟ್ಟುತ್ತ ಆಡುತ್ತಿದ್ದ.

ಅವ್ವ ಇದಕ್ಕೆ ತೀರಾ ಉಲ್ಟಾ. ಅವಳು ಊಹಿಸಿದ್ದನ್ನೂ ಕಂಡು ಬಂದವಳ ಹಾಗೆ ಹೇಳುವಳು. ಬೀದಿಯಲ್ಲಿ ಗಾಡಿಯ ಸದ್ದಾದರೆ ಒಲೆಯ ಮುಂದೆ ಕೂತೇ, "ಚಂದ್ರಗುತ್ತಿ ಕಡೆ ಗಾಡಿ, ಅಕ್ಕಿ ಹೇರ್ಯಾರೆ" ಎನ್ನುವಳು. ನಾನು ಓಡಿ ಹೋಗಿ ನೋಡಿ, ಗಾಡಿ ಖಾಲಿ ಇದೆ ಎಂದರೆ, "ಹಂಗಾದ್ರೆ ಇಳ್ಸಿ ಬಂದಾರೆ" ಎಂದು ಅಷ್ಟೇ ಗಟ್ಟಿಯಾಗಿ ಹೇಳುವಳು. ಇಬ್ಬರ ನಡುವೆ ಬೆಳೆದ ನನಗೆ, ಒಂದು ಮಾತು ಕಿವಿಗೆ ಬಿದ್ದ ಕೂಡಲೇ ಅದರಲ್ಲಿ ಕಂಡದ್ದೆಷ್ಟು, ಅಂದಾಜೆಷ್ಟು ಎಂದು ಬೇರೆ ಮಾಡಿ ನೋಡುವ ಅಭ್ಯಾಸವಾಗಿತ್ತು. ಊಹೆ ಎಂಬ ಶಬ್ದ ಮಾತ್ರ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅದು ಪುಸ್ತಕದಲ್ಲಿತ್ತು.

ಹೊಸ ಪೈಸೆ ಬಂದ ಮರುವರ್ಷ ನನಗೊಂದು ಸಂಬಂಧ ಬಂತು. ತಂದವರು ಶಿಕಾರಿಪುರದ ಜವಳಿ ಸಾಹೇಬರು. ವಾರಕ್ಕೊಮ್ಮೆ ಸೊರಬದ ಸಂತೆಗೆ ಬಟ್ಟೆ ಗಂಟು ತಂದು ಹಾಕುವರು, ಅಪ್ಪನಿಗೆ ಹಳೆಯ ಪರಿಚಯ. ಅವರ ಓಣಿಯಲ್ಲೇ ನಮ್ಮ ಪೈಕಿಯ ಒಂದು ಮನೆಯಿದೆ, ಹುಡುಗ ಸರ್ವೆ ಖಾತೆಯಲ್ಲಿದ್ದಾನೆ, ಸರಪಳಿ ಹಿಡಿದು ಹೊಲಗದ್ದೆ ಅಳೆಯುವ ಕೆಲಸ, ಮನೆಯವರು ಸಂಭಾವಿತರು ಎಂದರು. ಅಪ್ಪ ಎರಡು ವಾರ ಯೋಚಿಸಿದ. ಮೂರನೇ ವಾರ ನನ್ನನ್ನು ಕರೆದು ಕಾರ್ಡು ಕೈಗಿಟ್ಟ. ಮನೆಯ ಕಾಗದ ಪತ್ರವೆಲ್ಲ ನಾನೇ ಬರೆಯುತ್ತಿದ್ದೆನಾದ್ದರಿಂದ ಅದನ್ನೂ ನಾನೇ ಬರೆಯಬೇಕಾಯಿತು.

ಕ್ಷೇಮ ಸಮಾಚಾರ ಆದ ಮೇಲೆ ಅಪ್ಪ ಹೇಳಿದ: "ಬರುವ ಸೋಮವಾರ ಬರಬಹುದು ಅಂತ ಬರಿ."

"ಅಷ್ಟೇನಾ?"

"ಅಷ್ಟೇ. ಉಳಿದದ್ದು ಮುಖತಃ."

"ಯಾತಕ್ಕೆ ಅಂತ ಬರೀಬೇಡ್ವಾ?" ಹುಡುಗಿ ನೋಡುವುದಕ್ಕೆ ಎಂದು ಬಾಯಿ ಬಿಟ್ಟು ಹೇಳಲು ನನಗೆ ನಾಚಿಕೆ.

"ಬ್ಯಾಡ ಮಗಾ. ಕಾರ್ಡು, ಪೋಸ್ಟಿನೋರು ಓದ್ಯಾರು."

ನನ್ನನ್ನು ನೋಡಲು ಬರುವವರಿಗೆ ನಾನೇ ಬರೆಯುವ ಸಂಕೋಚಕ್ಕೆ ಕೈ ಕುಗ್ಗಿತು. ಅಕ್ಷರ ಎಷ್ಟು ಸಣ್ಣದಾಯಿತೆಂದರೆ ಅರ್ಧ ಕಾರ್ಡು ಖಾಲಿಯೇ ಉಳಿಯಿತು.

ಸೋಮವಾರ ಬೆಳಿಗ್ಗೆ ಅವ್ವ ಜಗಲಿ ಸಾರಿಸಿದಳು. ಉಪ್ಪಿಟ್ಟಿಗೆ ರವೆ ಹುರಿದಳು, ಸಜ್ಜಿಗೆಗೆ ಬೆಲ್ಲ ಕುಟ್ಟಿದಳು. ನಾನು ಹಸಿರು ಸೀರೆಯುಟ್ಟು ಒಳಕೋಣೆಯಲ್ಲಿ ಕೂತೆ. ಮೊದಲ ಬಸ್ಸು ಬಂತು, ಅವರು ಬರಲಿಲ್ಲ. ಮಧ್ಯಾಹ್ನದ ಬಸ್ಸೂ ಬಂತು. ಸಂಜೆಯ ಬಸ್ಸಿನಿಂದ ಇಳಿದವರು ನಮ್ಮ ಬೀದಿಗೆ ತಿರುಗದೆ ಹೋದಾಗ ಅವ್ವ, "ಬ್ಯಾರೆ ಹುಡುಗಿ ಒಪ್ಕೊಂಡಾರೆ" ಎಂದಳು.

"ಬಸ್ಸು ಕೆಟ್ಟಿದ್ದೀತು" ಎಂದ ಅಪ್ಪ.

"ಮೂರು ಬಸ್ಸೂ ಕೆಡ್ತಾವೇನ್ರೀ?"

"ಯಾರಿಗಾದ್ರೂ ಮೈ ಸರಿ ಇಲ್ದೆ ಇದ್ದೀತು."

 ಆ ದಿನ ಮೂರು ಹೊತ್ತೂ ಉಪ್ಪಿಟ್ಟು ತಿಂದೆವು. ಮಿಕ್ಕದ್ದನ್ನು ಎಮ್ಮೆಗೆ ಹಾಕುವಾಗ ನನಗೆ ಬೇಸರಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ನೋಡಿ ಬೇಡವೆಂದಿದ್ದರೆ ಅದೊಂದು ಮಾತು. ನೋಡದೆಯೇ ಬಿಟ್ಟರಲ್ಲ ಎಂದು.

ಆ ವಾರ ಸಂತೆಗೆ ಸಾಹೇಬರೂ ಬರಲಿಲ್ಲ. ಶನಿವಾರ ಅಪ್ಪ ಒಂದು ದಾರಿ ಹುಡುಕಿದ. ತೊಗರ್ಸಿಯಲ್ಲಿ ನನ್ನ ಸೋದರತ್ತೆಯ ಮನೆಯಿತ್ತು. ಅತ್ತೆಯ ಗಂಡನಿಗೆ ಶಿಕಾರಿಪುರದಲ್ಲಿ ಓಡಾಟ ಹೆಚ್ಚು, ಅವರ ಮೂಲಕ ಸದ್ದಿಲ್ಲದೆ ವಿಚಾರಿಸಿದರಾಯಿತು ಎಂದ. ನಾನೂ ಅಲ್ಲಿಯ ಗುಡಿಯ ಮಲ್ಲಿಕಾರ್ಜುನನ ದರ್ಶನ ಮಾಡಿ ನಾಲ್ಕು ದಿನ ಅತ್ತೆಯ ಮನೆಯಲ್ಲಿದ್ದು ಬರಲಿ ಎಂದಳು ಅವ್ವ. ಹೀಗೆ ಮುಂದಿನ ಸೋಮವಾರ ಅಪ್ಪನೂ ನಾನೂ ಬಸ್ಸು ಹತ್ತಿ ಶಿರಾಳಕೊಪ್ಪದಲ್ಲಿ ಇಳಿದೆವು. ತೊಗರ್ಸಿಗೆ ಹೋಗುವವರು, ಸೊರಬಕ್ಕೆ ಹೋಗುವವರು, ಶಿಕಾರಿಪುರಕ್ಕೆ ಹೋಗುವವರು ಎಲ್ಲರೂ ಅಲ್ಲೇ ಬಸ್ಸು ಬದಲಿಸಬೇಕು.

ಅಪ್ಪ ನನ್ನನ್ನು ಹುಣಸೆಮರದ ಕಟ್ಟೆಯ ಮೇಲೆ ಕೂರಿಸಿ ಬಸ್ಸಿನ ವೇಳೆ ಕೇಳಲು ಹೋದ. ಅಷ್ಟರಲ್ಲಿ ಹಣೆ ತುಂಬ ವಿಭೂತಿಯಿಟ್ಟ ದಪ್ಪನೆಯ ಹೆಂಗಸೊಬ್ಬರು ಬಂದು, ಕೈಯಲ್ಲಿದ್ದ ಬುತ್ತಿಯ ಗಂಟನ್ನು ನಮ್ಮಿಬ್ಬರ ನಡುವೆ ಇಟ್ಟು, "ಸ್ವಲ್ಪ ಸರಕೋ ತಂಗಿ" ಎನ್ನುತ್ತ ಕೂತರು. ಅವರ ಹಿಂದೆಯೇ ಕೈಗೆ ವಾಚು ಕಟ್ಟಿದ, ನೀಳ ಕೋಲಿನಂಥ ಯುವಕನೊಬ್ಬ ಬಂದು, ಬಸ್ಸು ಇನ್ನೂ ಅರ್ಧ ತಾಸು ಇದೆ ಎಂದು ಹೇಳಿ ಮರಕ್ಕೆ ಒರಗಿ ನಿಂತ.

"ಯಾವೂರವ್ವಾ ನಿಮ್ದು?" ಎಂದರು ಆ ತಾಯಿ.

"ಸೊರಬ ರೀ."

"ನಾವೂ ಸೊರಬಕ್ಕ ಹೊಂಟೀವಿ ನೋಡು. ಅಲ್ಲಿ ಒಂದು ಮನಿಯೋರು ಬರ್ತೀವಿ ಅಂತ ಕಾರ್ಡು ಬರ್ದು ಬರ್ಲೇ ಇಲ್ಲ. ಯಾಕ ಅಂತ ಕೇಳ್ಕೊಂಡು ಬರೋಣು ಅಂತ."

ನನಗೆ ಅವರ ಮೇಲೆ ಕನಿಕರವಾಯಿತು. ನಮ್ಮ ಹಾಗೆಯೇ ಇನ್ನೊಬ್ಬರಿಗೂ ಆಗಿದೆಯಲ್ಲ ಎಂದುಕೊಂಡೆ. "ಯಾಕೆ ಬರ್ಲಿಲ್ವಂತ್ರೀ?"

"ನಮ್ಮ ಮನಿಯೋರು ಅಂದ್ರು, ಹುಡುಗಿಗೆ ಮನಸಿಲ್ಲ ಅಂತ ಕಾಣ್ತದ ಅಂತ. ನನಗ ಬ್ಯಾರೆ ಗುಮಾನಿ. ಆ ಕಾರ್ಡು ನೋಡ್ಬೇಕಿತ್ತು ನೀನು. ಅಕ್ಷರ ಅಲ್ಲ ಅವು, ಇರಿವಿ ಸಾಲು. ಬರ್ದಂಥ ಹಿರಿಯಗ ಕಣ್ಣು ಕಾಣಂಗಿಲ್ಲ, ಮೈಯಾಗೂ ನೆಟ್ಟಗಿಲ್ಲ. ಹಾಸಿಗಿ ಹಿಡಿದಿರಬೇಕು."

 ಇರುವೆ ಸಾಲಿನಂಥ ಅಕ್ಷರ ಸೊರಬದಲ್ಲಿ ಬೇರೆ ಯಾರಾದರೂ ಬರೆದಾರು ಎಂದು ಅಪ್ಪನ ಧಾಟಿಯಲ್ಲೇ ಸಮಾಧಾನ ಹೇಳಿಕೊಂಡು, ಮೆಲ್ಲಗೆ ಕೇಳಿದೆ: "ಏನಂತ ಬರೆದಿತ್ತು ರೀ?"

"ಬರುವ ಸೋಮವಾರ ಬರಬಹುದು. ಉಳಿದದ್ದು ಮುಖತಃ. ಅಷ್ಟೇ ನೋಡು. ನಾವು ಅಷ್ಟಕ್ಕೇ ಹೋಳಿಗಿ ಮಾಡ್ಕೊಂಡು, ಬಾಗ್ಲಾಗ ನೀರಿನ ತಂಬಿಗಿ ಇಟ್ಕೊಂಡು ಕಾದ್ವಿ."

"ನಾವು ಉಪ್ಪಿಟ್ಟು ಮಾಡಿದ್ವಿ" ಎಂದುಬಿಟ್ಟೆ.

ಹೇಳಬೇಕೆಂದು ಹೇಳಿದ್ದಲ್ಲ, ಬಾಯಿಂದ ಜಾರಿತು. ಆ ತಾಯಿ ಪೂರ್ತಿ ನನ್ನ ಕಡೆ ತಿರುಗಿದರು. ಕಾಲುಂಗುರವಿಲ್ಲದ ಕಾಲಿನಿಂದ ಹೆರಳಿನವರೆಗೂ ಒಮ್ಮೆ ನೋಡಿದರು.

"ಆ ಕಾರ್ಡು ಬರ್ದೋರು ಯಾರವ್ವಾ?"

"ನಾನೇ ರೀ."

"ಬರಬಹುದು ಅಂದ್ರ ಯಾರು ಬರಬಹುದು? ನೀವೋ, ನಾವೋ?"

"ನೀವು."

"ನಾವು ನೀವು ಅಂದ್ಕೊಂಡ್ವಿ ತಂಗಿ" ಎಂದವರು ನಗಲು ಶುರು ಮಾಡಿದರು. ಮೈ ಕುಲುಕಿ, ಕಣ್ಣಲ್ಲಿ ನೀರು ಬಂದು, ಸೆರಗಿನಿಂದ ಒರೆಸಿಕೊಂಡರೂ ನಿಲ್ಲಲಿಲ್ಲ. ನನಗೂ ತಡೆಯಲಾಗಲಿಲ್ಲ. ಮರಕ್ಕೆ ಒರಗಿದ್ದ ವಾಚಿನವನು ವಿಷಯ ತಿಳಿದು ತಾನೂ ನಕ್ಕು, ನನ್ನನ್ನು ನೋಡಿ ತಲೆ ತಗ್ಗಿಸಿದ. ನಾನೂ ತಗ್ಗಿಸಿದೆ. ಇವನೇ ಹುಡುಗ ಎಂದುಕೊಂಡೆ. ಮೂಗು ಚೆನ್ನಾಗಿತ್ತು.

ಅದೇ ಹೊತ್ತಿಗೆ ಬಸ್ಸಿನ ಹತ್ತಿರ ಗಲಾಟೆಯೆದ್ದಿತು. ಮುದುಕಿಯೊಬ್ಬಳ ಬುಟ್ಟಿ ಉರುಳಿ, ಅದರಲ್ಲಿದ್ದ ಕೋಳಿಗಳು ಕಾಲಿನ ಕಟ್ಟು ಬಿಚ್ಚಿಕೊಂಡು ದಿಕ್ಕಿಗೊಂದಾಗಿ ಓಡುತ್ತಿದ್ದವು. ಎರಡು ಕೋಳಿ ನಿಂತ ಬಸ್ಸಿನ ಅಡಿ ಸೇರಿದವು. ಬಿಳಿ ಅಂಗಿಯ ಯುವಕನೊಬ್ಬ ಹಿಂದೆಮುಂದೆ ನೋಡದೆ ಬಸ್ಸಿನಡಿ ತೂರಿದ. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಚಪ್ಪಲಿ ಮಾತ್ರ. ಸ್ವಲ್ಪ ಹೊತ್ತಿಗೆ ತಲೆಯಿಂದ ಮೊಣಕಾಲವರೆಗೆ ಧೂಳು ಮೆತ್ತಿಕೊಂಡು, ಎರಡು ಕಂಕುಳಲ್ಲಿ ಎರಡು ಕೋಳಿ ಇಟ್ಟುಕೊಂಡು ಹೊರಬಂದ. ಸುತ್ತ ನಿಂತವರು ನಗುತ್ತಿದ್ದರು, ನಾನಂತೂ ಮೊದಲೇ ನಗುತ್ತಿದ್ದವಳು. ಅವನು ಮಾತ್ರ ಮುದುಕಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಕೋಳಿಯ ಕಾಲನ್ನು ಮತ್ತೆ ಕಟ್ಟುತ್ತ, "ಇಷ್ಟು ಬಿಗಿ ಕಟ್ಬ್ಯಾಡಮ್ಮಾ, ರಗತ ಬಂದದ ನೋಡು" ಎನ್ನುತ್ತಿದ್ದ. ನನ್ನ ಪಕ್ಕದ ತಾಯಿ ಏಕೋ ನಗು ನಿಲ್ಲಿಸಿ, ಸೆರಗು ತಲೆಯ ಮೇಲೆಳೆದುಕೊಂಡು ಬೇರೆ ಕಡೆ ನೋಡುತ್ತಿದ್ದರು. ಕೋಳಿ ಮುಟ್ಟದ ಮನೆತನದವರು, ನೋಡಲು ಅಸಹ್ಯವಾಗಿರಬೇಕು ಎಂದುಕೊಂಡೆ.

ಅಪ್ಪ ಬಂದ. ವಿಷಯ ಕೇಳಿ, "ತಪ್ಪು ನಂದೇ ಇದ್ದೀತು" ಎಂದ. ಆಮೇಲೆ ಗಂಡಸರೆಲ್ಲ ಚಹಾದಂಗಡಿಯೊಳಕ್ಕೆ ಹೋದರು. ಆ ತಾಯಿ ಬುತ್ತಿ ಬಿಚ್ಚಿ, ನಮ್ಮ ಮನೆಗೆಂದೇ ತಂದಿದ್ದ ಹೋಳಿಗೆಯನ್ನು ನನ್ನ ಕೈಗಿಟ್ಟು, ನಾನು ತಿನ್ನುವುದನ್ನೇ ನೋಡುತ್ತ ಕೂತರು. ತೊಗರ್ಸಿಯ ಬಸ್ಸು ಬಂದಾಗ, "ನೋಡಿದ್ದಾತು, ನನಗ ಒಪ್ಪಿಗಿ. ನಿನ್ನ ಮಾತು ನಿಮ್ಮಪ್ಪ ತಿಳಿಸ್ಲಿ" ಎಂದು ನನ್ನ ಗಲ್ಲ ಮುಟ್ಟಿ ಕಳಿಸಿದರು.

ಬಸ್ಸಿನಲ್ಲಿ ಅಪ್ಪ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ: "ಹುಡುಗ ಹೆಂಗೆ ಕಂಡ ಮಗಾ?"

ನಾನು, "ಎತ್ತರ ಇದ್ದಾರೆ" ಎಂದೆ.

"ಎತ್ತರನಾ?"

"ವಾಚು ಕಟ್ಟಿದ್ರಲ್ಲ."

ಅಪ್ಪ ನನ್ನ ಕಡೆ ತಿರುಗಿದ. "ಅದು ಆ ಯಮ್ಮನ ಅಣ್ಣನ ಮಗ. ಅವನಿಗೆ ಮದ್ವೆಯಾಗಿ ಎರಡು ಮಕ್ಕಳು. ಹುಡುಗ ಅಂದ್ರೆ ಕೋಳಿ ಹಿಡಿದನಲ್ಲ, ಅವನು. ಕೈಕಾಲು ತೊಳ್ಕೊಂಡು ಬಂದು ನಂಜೊತೆ ಚಾ ಕುಡಿದ."

ಈ ಸಲ ಅಪ್ಪನ ಮಾತಿನಲ್ಲಿ ಇದ್ದೀತು ಇರಲಿಲ್ಲ, ಬಂದೀತು ಇರಲಿಲ್ಲ. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಸೀರೆಯ ಅಂಚನ್ನು ನೋಡಿದೆ. ಆ ತಾಯಿ ಮುಖ ತಿರುಗಿಸಿದ್ದು ಏಕೆಂದು ಆಗ ಅರ್ಥವಾಯಿತು. ಹೆಣ್ಣು ನೋಡಲು ಹೊರಟ ಮಗ ಕಂಕುಳಲ್ಲಿ ಕೋಳಿ ಇಟ್ಟುಕೊಂಡು ನಿಂತಿದ್ದರೆ, ಇವನು ನನ್ನವನು ಎಂದು ಯಾವ ತಾಯಿ ತಾನೇ ತೋರಿಸುವಳು.

ತೊಗರ್ಸಿಯಲ್ಲಿದ್ದ ನಾಲ್ಕು ದಿನವೂ ಆ ಮುಖ ನೆನಪಿಗೆ ತಂದುಕೊಳ್ಳಲು ನೋಡಿದೆ. ದೇವರ ಮುಂದೆ ಕಣ್ಣು ಮುಚ್ಚಿದರೂ ಕಾಣುತ್ತಿದ್ದದ್ದು ಬಸ್ಸಿನಡಿಯಿಂದ ಚಾಚಿದ ಎರಡು ಚಪ್ಪಲಿ. ಧೂಳು ಕೊಡವಿದರೆ ಬಣ್ಣ ಹೇಗಿರಬಹುದು, ಕಣ್ಣು ಹೇಗಿರಬಹುದು ಎಂದು ಒಂದೊಂದಾಗಿ ಅಂದಾಜು ಕಟ್ಟಿದೆ. ಕಟ್ಟಿ ಮುಗಿದ ಮೇಲೆ ನೋಡಿದರೆ ಅದು ವಾಚಿನವನ ಮುಖವೇ ಆಗಿರುತ್ತಿತ್ತು. ಆದರೆ ಕೋಳಿಯ ಕಾಲನ್ನು ಸಡಿಲವಾಗಿ ಕಟ್ಟುತ್ತಿದ್ದ ಆ ಕೈ ಮಾತ್ರ ನಾನು ಕಟ್ಟಿದ್ದಲ್ಲ, ಕಂಡದ್ದು. ಅದನ್ನು ನೆನೆದಾಗ ಮನಸ್ಸಿಗೆ ಹಿತವಾಗುತ್ತಿತ್ತು.

ಮನೆಗೆ ಬಂದು ಅವ್ವನಿಗೆ ಹೇಳಿದೆ, ಇನ್ನೊಮ್ಮೆ ಸರಿಯಾಗಿ ನೋಡದೆ ಏನೂ ಹೇಳಲಾರೆ ಎಂದು. ಆ ಕಾಲದಲ್ಲಿ ಅದು ಹುಡುಗಿ ಆಡುವ ಮಾತಲ್ಲ.

"ಒಳ್ಳೆ ಹುಡುಗನೇ. ನೋಡೋದೇನದೆ" ಎಂದಳು ಅವ್ವ.

"ನೀ ನೋಡಿದ್ಯಾ?"

"ನೋಡ್ಬೇಕಾ?"

ಅಪ್ಪ ನನ್ನ ಕಡೆ ನಿಂತ. ನೋಡದೆ ಹೇಗೆ ಹೇಳ್ಯಾಳು ಎಂದ. ಆ ಸಂಜೆ ಇನ್ನೊಂದು ಖಾಲಿ ಕಾರ್ಡು ನನ್ನ ಕೈಗೆ ಬಂತು. ಹಿಂದಿನ ಸಲ ಪೋಸ್ಟಿನವರಿಗೆ ಹೆದರಿದ್ದ ಅಪ್ಪ ಈ ಸಲ ಯಾರಿಗೂ ಹೆದರಲಿಲ್ಲ. "ಶಿಕಾರಿಪುರದಲ್ಲಿರುವ ತಾವು, ತಮ್ಮ ಮಗನನ್ನು ಕರೆದುಕೊಂಡು, ಸೊರಬದಲ್ಲಿರುವ ನಮ್ಮ ಮನೆಗೆ, ನಮ್ಮ ಮಗಳನ್ನು ನೋಡಲು, ಬರುವ ಸೋಮವಾರ ಬರತಕ್ಕದ್ದು. ನಾವು ಮನೆಯಲ್ಲೇ ಇರುತ್ತೇವೆ" ಎಂದು ಹೇಳಿ ಬರೆಸಿದ. ಕೋರ್ಟಿನ ನೋಟೀಸಿನಂತಿತ್ತು. ನಾನು ಒಂದೊಂದು ಅಕ್ಷರವನ್ನೂ ಕಡಲೆಕಾಳಿನಷ್ಟು ದೊಡ್ಡದಾಗಿ ಬರೆದೆ.

ಮೊದಲ ಬಸ್ಸಿಗೇ ಅವರು ಬಂದರು. ಆ ತಾಯಿ ಬಾಗಿಲಲ್ಲೇ, "ನಾವು ಬಂದ್ವಿ, ನೀವಲ್ಲ" ಎಂದು ನಗುತ್ತ ಒಳಬಂದು, ತಂದಿದ್ದ ಹೋಳಿಗೆಯ ಡಬ್ಬಿಯನ್ನು ಅವ್ವನ ಕೈಗಿಟ್ಟರು. ಅವರ ಮಗ ಅಷ್ಟೇನೂ ಎತ್ತರವಿರಲಿಲ್ಲ. ಬಿಸಿಲಲ್ಲಿ ಓಡಾಡಿ ಕಪ್ಪಾದ ಮುಖ, ಸಣ್ಣ ಕಣ್ಣು, ನಕ್ಕರೆ ಅವೂ ಮುಚ್ಚಿಹೋಗುವವು. ನಾನು ಈ ಸಲ ತಲೆ ತಗ್ಗಿಸದೆ ನೋಡಿದೆ.

ಉಪ್ಪಿಟ್ಟು ಆದ ಮೇಲೆ ಅಪ್ಪ, ಇಬ್ಬರೂ ಜಗಲಿಯಲ್ಲಿ ಕೂತು ಏನಾದರೂ ಮಾತಾಡುವುದಿದ್ದರೆ ಆಡಲಿ ಎಂದು ಒಳಗೆ ಹೋದ. ಅವ್ವ ಬಾಗಿಲ ಹಿಂದೆ ನಿಂತಿದ್ದು ಅವಳ ಬಳೆಯ ಸದ್ದಿನಿಂದ ತಿಳಿಯುತ್ತಿತ್ತು.

"ಅವತ್ತು ನೀವು ನನ್ನ ನೋಡ್ಲೇ ಇಲ್ಲ ಅಂತ ನನಗ ಗುಮಾನಿ ಇತ್ತು" ಎಂದರು ಅವರು.

"ನಮ್ಮಲ್ಲಿ ಗುಮಾನಿ ಬರೋದು ಪೊಲೀಸಿನೋರಿಗೆ, ಕಳ್ಳರ ಮ್ಯಾಲೆ" ಎಂದೆ.

"ನಮ್ಮ ಓಣ್ಯಾಗ ಎಲ್ಲಾರಿಗೂ ಬರ್ತದ. ಪಕ್ಕದ ಮನಿ ಸಾಹೇಬ್ರಿಗೆ ಮಳಿ ಮ್ಯಾಲೂ ಗುಮಾನಿ."

ನಾನು ನಕ್ಕೆ. ಅವರು ತಮ್ಮ ಕೆಲಸದ ಮಾತು ತೆಗೆದರು. ಹಳ್ಳಿಗೆ ಹೋದರೆ ರೈತರು, ಅಡಸಟ್ಟೆ, ಅಂದರೆ ಸುಮಾರಾಗಿ, ಆ ಬೇಲಿಯ ತನಕ ನಂದು ಎನ್ನುತ್ತಾರೆ, ಪಕ್ಕದವನೂ ಅದೇ ಬೇಲಿಯ ಆಚೆಯಿಂದ ಅಡಸಟ್ಟೆ ನಂದು ಎನ್ನುತ್ತಾನೆ, ತಮ್ಮ ಕೆಲಸದಲ್ಲಿ ಮಾತ್ರ ಅಂದಾಜು ನಡೆಯುವುದಿಲ್ಲ ಎಂದರು. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇತ್ತು. ನನಗೆ ತುಂಟತನ ಬಂತು.

"ಈ ಜಗಲಿ ಎಷ್ಟು ಉದ್ದ ಇದ್ದೀತು, ಅಂದಾಜಿಗೆ ಹೇಳ್ರಿ ನೋಡಾಣ."

ಅವರು ಒಂದು ಕಣ್ಣು ಮುಚ್ಚಿ ಆ ತುದಿಯಿಂದ ಈ ತುದಿಗೆ ನೋಡಿದರು. "ಹದಿನೆಂಟು ಅಡಿ."

ಹೇಳಿದವರು ಸುಮ್ಮನಿರದೆ ಜೇಬಿನಿಂದ ಟೇಪು ತೆಗೆದರು. ಒಂದು ತುದಿಯನ್ನು ನನ್ನ ಕೈಗೆ ಕೊಡುವುದೋ ಬಿಡುವುದೋ ಎಂದು ಅನುಮಾನಿಸುವಷ್ಟರಲ್ಲಿ ಬಾಗಿಲ ಹಿಂದಿನಿಂದ ಅವ್ವ ಬಂದು, "ನಂಗೆ ಕೊಡ್ರಿ, ನಾ ಹಿಡ್ಕೊಂತೀನಿ" ಎಂದು ಗೋಡೆಗೆ ಒತ್ತಿ ಹಿಡಿದಳು. ಇನ್ನೊಂದು ತುದಿಯಲ್ಲಿ ಅವರು ಬಗ್ಗಿ ನೋಡಿದರು. ಕಂಬದಾಚೆ ಹೋಗಿ ಮತ್ತೊಮ್ಮೆ ನೋಡಿದರು.

"ಹದಿನೈದು" ಎಂದರು.

"ಹದಿನೆಂಟೇ" ಎಂದಳು ಅವ್ವ, ಟೇಪು ಕೈಯಲ್ಲಿರುವಾಗಲೇ.

ಅವರು ಕಣ್ಣು ಮುಚ್ಚಿಹೋಗುವಂತೆ ನಕ್ಕರು. "ಇಲ್ಲ ಅತ್ತೀ, ಹದಿನೈದೇ. ಸರಪಳಿ ಕೈಯಾಗಿಲ್ಲ ಅಂದ್ರ ನನ್ನ ಮಾತು ನಂಬೂಹಂಗಿಲ್ಲ" ಎಂದರು. ತಾವೇ ಹೇಳಿದ್ದು ತಪ್ಪಾಯಿತೆಂದು ಹೀಗೆ ಖುಷಿಯಿಂದ ಒಪ್ಪಿಕೊಂಡ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅತ್ತೆ ಎಂದದ್ದನ್ನು ಅವ್ವ ಗಮನಿಸಿದ್ದಳು. ನಾನೂ ಗಮನಿಸಿದ್ದೆ. ಅಂದು ಸಂಜೆ ಅಪ್ಪ ಕೇಳಿದಾಗ ನಾನು ಒಂದೇ ಮಾತಿನಲ್ಲಿ ಹೂಂ ಎಂದೆ.

ವೈಶಾಖದಲ್ಲಿ ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ಮೊದಲ ವಾರವೇ ಅತ್ತೆ ನನಗೆ ಸಾರಿನ ಒಲೆ ಒಪ್ಪಿಸಿದರು. ಉಪ್ಪು ಎಷ್ಟು ಹಾಕಲಿ ಎಂದು ಕೇಳಿದೆ.

"ಅಂದಾಜಿಗೆ ಹಾಕು."

"ಅಂದಾಜು ಅಂದ್ರೆ ಎಷ್ಟು ಅತ್ತೀ?"

ಅವರು ನನ್ನ ಕೈ ಹಿಡಿದು ಉಪ್ಪಿನ ಭರಣಿಯೊಳಗೆ ಇಳಿಸಿ, ತಮ್ಮ ದಪ್ಪ ಬೆರಳುಗಳಿಂದ ನನ್ನ ಬೆರಳನ್ನು ಮಡಚಿ, "ಇಷ್ಟು" ಎಂದರು. ಆದರೆ ಅವರ ಮುಷ್ಟಿ ದೊಡ್ಡದು, ನನ್ನದು ಸಣ್ಣದು. ನನ್ನ ಮುಷ್ಟಿಯ ಸಾರು ಸಪ್ಪೆಯಾಗುತ್ತಿತ್ತು. ಒಂದು ದಿನ ಹೆದರಿ ಎರಡು ಮುಷ್ಟಿ ಹಾಕಿದೆ, ಮನೆಯವರೆಲ್ಲ ಮಜ್ಜಿಗೆ ಅನ್ನ ಉಂಡು ಎದ್ದರು. ಯಾರೂ ಬೈಯಲಿಲ್ಲ. ಮಾವನವರು ಮಾತ್ರ ಊಟಕ್ಕೆ ಕೂತಾಗಲೇ, ರುಚಿ ನೋಡುವ ಮೊದಲೇ, ಉಪ್ಪಿನ ಬಟ್ಟಲು ತರಲು ಹೇಳುತ್ತಿದ್ದರು. ನಾನು ದಿನಾ ಮುಷ್ಟಿಯ ಮೇಲೆ ಒಂದು ಚಿಟಿಕೆ, ಒಂದೂವರೆ ಚಿಟಿಕೆ ಎಂದು ಸೇರಿಸಿ ನೋಡುತ್ತ ಬಂದೆ. ಪಂಚಮಿಯ ಹೊತ್ತಿಗೆ ಒಂದು ಮಧ್ಯಾಹ್ನ ಮಾವನವರು ಬಟ್ಟಲು ಕೇಳದೆ ಊಟ ಮುಗಿಸಿದರು. ನಾನು ಒಲೆಯ ಹತ್ತಿರ ನಿಂತು ಮುಷ್ಟಿ ಬಿಚ್ಚಿ ನೋಡಿಕೊಂಡೆ. ಅಂಗೈ ಗೆರೆಯಲ್ಲಿ ಎರಡು ಹರಳು ಉಪ್ಪು ಅಂಟಿಕೊಂಡಿತ್ತು.